ಸ್ಟಾಪು, ಹಾಲ್ಟು ಮತ್ತು ರೇವವ್ವನ ಪಾಳಿ

ಸ್ಟಾಪ್ ಎಂದರೆ ನಿಲ್ಲುವುದು, ಹಾಲ್ಟ್ ಎಂದರೂ ನಿಲ್ಲುವುದು. ಸಿಂದಗಿಯ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರು ಸಾತವ್ವನಿಗೆ ಹಾಗೆ ಹೇಳಿಕೊಟ್ಟಿದ್ದರು. ಹುಡುಗಿ ಸಂಜೆ ಬಸ್ಸಿನಿಂದ ಇಳಿದು, ತಾಯಿ ಹೊಲದಿಂದ ಬರುವ ತನಕ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಅದನ್ನೇ ರಾಗವಾಗಿ ಬಾಯಿಪಾಠ ಮಾಡುತ್ತಿದ್ದಳು. ಒಂದು ದಿನ ಅವಳ ತಾಯಿ ರೇವವ್ವ ತಲೆಯ ಮೇಲೆ ಮೇವಿನ ಹೊರೆ ಹೊತ್ತು ಬಂದವಳು ಅಲ್ಲೇ ನಿಂತು ಕೇಳಿದಳು.

"ಏನಂದಿ? ಎರಡೂ ಒಂದ ಏನ?"

"ಹೂಂ ಬೇ. ಪುಸ್ತಕದಾಗ ಹಂಗ ಐತಿ."

"ನಿನ್ನ ಪುಸ್ತಕ ನಮ್ಮೂರಿಗೆ ಯಾವಾಗ ಬಂದಿತ್ತ? ಸ್ಟಾಪ್ ಅಂದ್ರ ಬಂದು ಹೋಗೂದು. ಹಾಲ್ಟ್ ಅಂದ್ರ ಬಂದು ಇರೂದು. ಸ್ಟಾಪಿಗೆ ಗಂಟಿ ಹೊಡದ್ರ ಆತು, ಹಾಲ್ಟಿಗೆ ರೊಟ್ಟಿ ಬಡೀಬೇಕು."

ಸಾತವ್ವ ಮರುದಿನ ಇದನ್ನು ಮಾಸ್ತರರಿಗೆ ಹೇಳಿದಳಂತೆ. ಅವರು ನಕ್ಕು, ನಿಮ್ಮವ್ವ ಹೇಳಿದ್ದು ಊರಿಗೆ, ನಾ ಹೇಳಿದ್ದು ಪರೀಕ್ಷೆಗೆ ಎಂದರಂತೆ. ಮಾಸ್ತರರದು ತಪ್ಪೆಂದು ನಾನೂ ಹೇಳುವುದಿಲ್ಲ. ನಾನು ಅಬ್ದುಲರಜಾಕ, ಬನ್ನಿಹಾಳದ ದರ್ಜಿ. ಇಂಗ್ಲಿಷಿನಲ್ಲಿ ನನಗೆ ಬರುವುದು ಕಾಲರ್, ಕಫ್, ಬಟನ್ ಮೂರೇ. ಆದರೆ ಈ ಸ್ಟಾಪು, ಹಾಲ್ಟು ಎಂಬ ಎರಡು ಶಬ್ದಗಳ ನಡುವೆ ಒಬ್ಬ ಹೆಣ್ಣುಮಗಳು ಎಷ್ಟು ಓಡಾಡಿದಳು ಎಂಬುದನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಊರಲ್ಲಿ ಬೇರೆ ಇಲ್ಲ. ಬಸ್ಸು ನಿಲ್ಲುವ ಬೇವಿನ ಗಿಡ ನನ್ನ ಅಂಗಡಿಯ ಎದುರಿಗೇ ಇದೆ. ಊರ ಉಸಾಬರಿಗೆ ಮುಲ್ಲಾ ಸೊರಗಿದ ಅಂತ ಗಾದೆ ಇದೆಯಲ್ಲ, ನನ್ನ ಹೆಂಡತಿ ಗೌಸಬಿ ಅದನ್ನು ನನ್ನನ್ನು ನೋಡಿಯೇ ಕಟ್ಟಿದ್ದಾರೆ ಅನ್ನುತ್ತಾಳೆ. ಅನ್ನಲಿ.

ಸಿಂದಗಿಯಿಂದ ಮೋರಟಗಿಗೆ ಹೋಗುವ ರಸ್ತೆಯಿಂದ ಒಳಗೆ ತಿರುಗಿ, ಎರಿಹೊಲಗಳ ನಡುವೆ ಎರಡು ಹರದಾರಿ ಬಂದರೆ ನಮ್ಮೂರು. ಮೊದಲು ಅಲ್ಲಿ ಬಂಡಿಯ ಜಾಡು ಬಿಟ್ಟರೆ ಏನೂ ಇರಲಿಲ್ಲ. ಎಪ್ಪತ್ತೆರಡರ ಬರಗಾಲದಲ್ಲಿ ಸರಕಾರ ಕಾಮಗಾರಿ ತೆರೆದು ಅದನ್ನು ರಸ್ತೆ ಮಾಡಿತು. ರೇವವ್ವ ಆ ರಸ್ತೆಗೆ ಬುಟ್ಟಿಯಲ್ಲಿ ಮುರಂ ಗರಸು ಹೊತ್ತವಳು. ಸಾತವ್ವ ಆಗ ಗಿಡದ ನೆರಳಲ್ಲಿ ಕೂತು ಪಾಟಿಯ ಮೇಲೆ ಅಕ್ಷರ ತೀಡುತ್ತಿದ್ದಳು. ಈ ದಾರಿ ಯಾರಿಗೆ ಬೇಕಾಗೈತಿ ಅಂತ ಯಾರೋ ಕೇಳಿದ್ದಕ್ಕೆ ರೇವವ್ವ, "ನನ್ನ ಮಗಳಿಗೆ ಬೇಕಾಗೈತಿ" ಅಂದಿದ್ದಳು. ಎಲ್ಲರೂ ನಕ್ಕಿದ್ದರು.

ರೇವವ್ವನ ತವರು ಮುಳವಾಡ. ಮದುವೆಯಾಗಿ ನಮ್ಮೂರಿಗೆ ಬಂದು ಕೆಲವೇ ವರ್ಷಕ್ಕೆ ಗಂಡ ತೀರಿದ. ಆಗ ಸಾತವ್ವನಿಗೆ ಹಾಲುಹಲ್ಲು ಕೂಡ ಬಿದ್ದಿರಲಿಲ್ಲ. ಮೈದುನ ಸೋಮನಿಂಗ ಇದ್ದ, ಇದ್ದೂ ಇಲ್ಲದ ಹಾಗೆ. ಊರ ಕೊನೆಗೆ ಒಂದು ಮಣ್ಣಿನ ಮನೆ, ಒಂದು ಆಡು, ಕೂಲಿ. ಇಷ್ಟರಲ್ಲಿ ಅವಳ ಸಂಸಾರ. ಅವಳ ಕೈಯಲ್ಲಿ ಒಂದೇ ದೌಲತ್ತು, ಅದು ರೊಟ್ಟಿ. ಅವಳು ಬಡಿದ ಜೋಳದ ರೊಟ್ಟಿ ಎಷ್ಟು ತೆಳ್ಳಗೆಂದರೆ ಆಚೆ ಕಡೆಯ ದೀಪ ಕಾಣಬೇಕು. ಊರಲ್ಲಿ ಯಾರ ಮನೆಯ ಮದುವೆಯಾದರೂ ಕಡಕ್ ರೊಟ್ಟಿ ಬಡಿಯಲು ಮೊದಲು ಅವಳಿಗೇ ಹೇಳಿಕೆ ಹೋಗುತ್ತಿತ್ತು.

ಆ ಮದುವೆಗಳಲ್ಲಿ ನಾನು ನೋಡಿದ್ದೇನೆ. ಬೆಳಗಿನಿಂದ ಒಲೆಯ ಮುಂದೆ ಕೂತು ಗುಡ್ಡದಷ್ಟು ರೊಟ್ಟಿ ಬಡಿದಿಟ್ಟು, ಪಂಗತಿಯೆಲ್ಲ ಮುಗಿದ ಮೇಲೆ ಅವಳು ಹೊರಗೆ ಬರುವಳು. ಅತ್ತಿತ್ತ ಓಡಾಡುವ ಯಾರೋ ಒಬ್ಬರು, "ರೇವವ್ವಾ, ಉಂಡೀ ಏನ?" ಅನ್ನುವರು. "ಉಂಡೀನ್ರಿ" ಅನ್ನುವಳು. ಕೇಳಿದವರು ಆಗಲೇ ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಿದ್ದರು. ಅವಳು ಸೆರಗು ಝಾಡಿಸಿಕೊಂಡು ಮನೆಗೆ ಹೋಗಿ ನಿನ್ನೆಯ ರೊಟ್ಟಿಗೆ ಖಾರ ಹಚ್ಚಿಕೊಂಡು ತಿನ್ನುವಳು.

ರಸ್ತೆಯಾಗಿ ಐದಾರು ವರ್ಷಕ್ಕೆ ಬಸ್ಸು ಬಂತು. ಮೊದಮೊದಲು ಮಧ್ಯಾಹ್ನ ಒಂದು ಸಲ ಬಂದು, ಬೇವಿನ ಗಿಡದ ಕೆಳಗೆ ಒಂದು ನಿಮಿಷ ನಿಂತು, ಧೂಳೆಬ್ಬಿಸಿ ತಿರುಗಿ ಹೋಗುತ್ತಿತ್ತು. ಅದು ಸ್ಟಾಪು. ಮರುವರ್ಷ ಡಿಪೋದವರು ವಸ್ತಿ ಬಸ್ಸು ಕೊಟ್ಟರು. ದೀಪ ಹಚ್ಚುವ ಹೊತ್ತಿಗೆ ಬಂದು, ರಾತ್ರಿ ಊರಲ್ಲೇ ಇದ್ದು, ನಸುಕಿಗೆ ಸಿಂದಗಿಗೆ ಹೊರಡುವ ಬಸ್ಸು. ಅದನ್ನು ಅವರು ಹಾಲ್ಟು ಅನ್ನುತ್ತಿದ್ದರು. ಕೊಡುವಾಗ ಅವರು ಕೇಳಿದ್ದು ಎರಡೇ ಮಾತು: ಡ್ರೈವರ್, ಕಂಡಕ್ಟರ್ ಮಲಗಲು ಚಾವಡಿ ಕೊಡಬೇಕು, ಸಂಜೆ ಒಂದು ಊಟ ಹಾಕಬೇಕು.

"ಊಟ ಹಾಕೂದು ಏನ್ ದೊಡ್ಡ ಮಾತ್ರೀ!" ಅಂದರು ಸಂಗಣ್ಣಗೌಡರು ಮೀಸೆ ನೀವಿಕೊಂಡು. ಮನೆಗೊಂದು ದಿನದಂತೆ ಪಾಳಿ ಗೊತ್ತಾಯಿತು.

ಕಂಡಕ್ಟರ್ ಸಿದ್ರಾಮನ ಚಿಂತೆ ಇರಲಿಲ್ಲ. ಅವನ ಹೆಂಡತಿಯ ತವರು ನಮ್ಮೂರೇ. ಬಸ್ಸಿನಿಂದ ಇಳಿದವನು ಸೀದಾ ಅತ್ತೆಯ ಮನೆಗೆ ಹೋಗಿ ಕಾಲು ಚಾಚುವನು. ಉಳಿದವನು ಡ್ರೈವರ್ ಪರಸಪ್ಪ ಒಬ್ಬನೇ. ಆ ಪುಣ್ಯಾತ್ಮನಿಗೆ ಸಂಕೋಚ ಎಂಬ ಶಬ್ದವೇ ಗೊತ್ತಿರಲಿಲ್ಲ. ಮೂರೂ ಬಿಟ್ಟವ ಊರಿಗೆ ದೊಡ್ಡವ! ಬಸ್ಸಿನ ಗಾಲಿ ನಿಲ್ಲುವ ಮೊದಲೇ ಕಿಟಕಿಯಿಂದ ತಲೆ ಹೊರಹಾಕಿ, "ಇವತ್ತ ಯಾರ ಪಾಳಿಬೇ? ಪುಂಡಿಪಲ್ಯ ಮಾಡೀರೋ ಇಲ್ಲೋ?" ಎಂದು ಕೂಗುತ್ತಿದ್ದ. ಬದನೆಕಾಯಿಯಲ್ಲಿ ಎಣ್ಣೆ ಕಡಿಮೆಯಾದರೆ ಅಲ್ಲೇ ಹೇಳುವನು. ನನ್ನ ಪಾಳಿ ಬಂದಾಗ ಗೌಸಬಿ, ಅವರು ನಮ್ಮ ಮನೆಯಲ್ಲಿ ಉಣ್ಣುತ್ತಾರೋ ಇಲ್ಲವೋ ಎಂದು ಚಹಾ ಮಾತ್ರ ಕಳಿಸಿದ್ದಳು. ಪರಸಪ್ಪ ಚಹಾ ಕುಡಿದು, "ಇದು ಮೂಗಿಗೆ ಆತು, ಹೊಟ್ಟಿಗೇನ ಐತಿ?" ಎಂದು ಕೇಳಿ ನಮ್ಮ ಒಳಮನೆಗೇ ಬಂದು ಕೂತ. ಅಂಥವನಿಗೆ ಊಟ ಹಾಕುವುದಕ್ಕೆ ಯಾವ ಊರಿಗೂ ತ್ರಾಸಿಲ್ಲ.

ಈ ಹಾಲ್ಟಿನಿಂದಲೇ ಸಾತವ್ವ ಹೈಸ್ಕೂಲು ಸೇರಿದ್ದು. ನಮ್ಮೂರ ಸಾಲೆ ಏಳನೆಯದಕ್ಕೆ ಮುಗಿಯುತ್ತಿತ್ತು. ಸಿಂದಗಿಯಲ್ಲಿ ರೇವವ್ವನಿಗೆ ಸಂಬಂಧಿಕರಿಲ್ಲ, ಇಟ್ಟು ಓದಿಸುವ ಶಕ್ತಿಯಿಲ್ಲ. ನಸುಕಿಗೆ ಹೋಗಿ ಸಂಜೆಗೆ ಮನೆಗೆ ಬರುವ ಬಸ್ಸು ಇದ್ದದ್ದಕ್ಕೇ ಆ ಹುಡುಗಿ ಒಂಬತ್ತನೆಯದನ್ನು ದಾಟಿ ಮೆಟ್ರಿಕ್‌ವರೆಗೆ ಬಂದಳು. ನಮ್ಮೂರಿಂದ ಮೆಟ್ರಿಕ್‌ಗೆ ಕೂತ ಮೊದಲ ಹೆಣ್ಣುಹುಡುಗಿ ಅವಳಾಗುತ್ತಿದ್ದಳು.

ಆ ವರ್ಷ ಮಳೆಗಾಲದಲ್ಲಿ ಪರಸಪ್ಪನಿಗೆ ಇಂಡಿ ತಾಲೂಕಿನ ಕಡೆಗೆ ವರ್ಗವಾಯಿತು. ಅವನ ಜಾಗಕ್ಕೆ ಯಂಕಪ್ಪ ಬಂದ. ಮುದ್ದೇಬಿಹಾಳದ ಕಡೆಯವನು, ಎತ್ತರದ ಸಣಕಲು ಆಳು, ತಲೆ ತಗ್ಗಿಸಿ ನಡೆಯುವವನು. ಬಸ್ಸನ್ನು ಹಸುಗೂಸಿನ ಹಾಗೆ ನಿಧಾನ ನಿಲ್ಲಿಸಿ, ಕೆಳಗಿಳಿದು, ಎಲ್ಲರಿಗೂ ಕೈಮುಗಿದು ಚಾವಡಿಗೆ ಹೋಗಿ ಕೂತ. ಯಾರ ಪಾಳಿ ಎಂದು ಕೇಳಲಿಲ್ಲ.

ಅವತ್ತು ಗೌಡರ ಮನೆಯ ಪಾಳಿ. ಗೌಡರು ತಮ್ಮ ಆಳನ್ನು ಕಳಿಸಿದರು. ಆಳು ಚಾವಡಿಯ ಕೆಳಗೇ ನಿಂತು, "ಡ್ರೈವರ್ ಸಾಹೇಬ್ರ, ಊಟ ಆತೇನ್ರಿ?" ಅಂದ.

"ಆತ್ರಿ, ಆತ್ರಿ" ಅಂದ ಯಂಕಪ್ಪ.

ಆಳು ಮನೆಗೆ ಹೋಗಿ ಆಗೈತಂತ್ರಿ ಎಂದು ಹೇಳಿದ. ಮರುದಿನ ಕಿರಾಣಿ ಅಂಗಡಿಯ ರೇವಪ್ಪನ ಪಾಳಿ. ಅವನು ತನ್ನ ಗಲ್ಲಾಪೆಟ್ಟಿಗೆಯ ಮುಂದಿನಿಂದ ಏಳದೆ, "ಊಟ ಗೀಟ ಮಾಡ್ತೀರೇನ್ರಿ?" ಎಂದು ಕೂಗಿದ. "ಬ್ಯಾಡ್ರಿ, ಹಸಿವಿಲ್ಲ" ಅಂದ ಯಂಕಪ್ಪ. ನಿನ್ನೆ ಗೌಡರ ಮನೆಯಲ್ಲಿ ಜಡ ಊಟ ಆಗಿರಬೇಕು ಅಂದುಕೊಂಡ ರೇವಪ್ಪ. ಅದರ ಮರುದಿನದ ಮನೆಯವರು, ಆ ಮನುಷ್ಯ ಉಣ್ಣೂದಿಲ್ಲಂತ, ಬುತ್ತಿ ತರ್ತಾನಂತ ಎಂದುಕೊಂಡು ಕೇಳಲೂ ಹೋಗಲಿಲ್ಲ. ನಾಲ್ಕೈದು ದಿನದಲ್ಲಿ ಊರಿಗೇ ಅದು ಖರೆಯಾಯಿತು: ಹೊಸ ಡ್ರೈವರ್ ಬುತ್ತಿ ತರುತ್ತಾನೆ. ಸಿದ್ರಾಮ ಅತ್ತೆಯ ಮನೆಯಲ್ಲಿ ಉಂಡು ತಿರುಗಿ ಬರುವ ಹೊತ್ತಿಗೆ ಯಂಕಪ್ಪ ಬಸ್ಸಿನ ಮೇಲೆ ಹಾಸಿಗೆ ಹಾಸಿ ಮಲಗಿರುತ್ತಿದ್ದ. ಅವನೂ ಕೇಳಲಿಲ್ಲ.

ಮುಂದಿನ ಸೋಮವಾರ ಸಂಜೆ ಬಸ್ಸು ಬಂತು, ಮಂದಿಯನ್ನು ಇಳಿಸಿತು, ತಿರುಗಿ ಹೊರಟಿತು.

"ಎಲ್ಲಿಗೋ ಸಿದ್ರಾಮಾ?" ಎಂದು ನಾನು ಮಷೀನು ಬಿಟ್ಟು ಎದ್ದೆ.

"ಮೋರಟಗಿಗೆ ಮಾಮಾ. ಇನ್ ಮ್ಯಾಲ ವಸ್ತಿ ಅಲ್ಲೇ. ನಿಮ್ಮೂರಿಗೆ ಬರೇ ಸ್ಟಾಪು." ಅವನ ಮುಖವೂ ಸಣ್ಣದಾಗಿತ್ತು, ಅತ್ತೆಯ ಮನೆಯ ಊಟ ತಪ್ಪಿತ್ತಲ್ಲ.

ಹೇಳುವುದಕ್ಕೆ ಬಸ್ಸು ಇತ್ತು. ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ ಬಂದು ನಿಂತು ಹೋಗುತ್ತಿತ್ತು. ನಸುಕಿನದು ಮಾತ್ರ ಇಲ್ಲ. ಸಿಂದಗಿಯಿಂದ ಮನೆಗೆ ಬರಬಹುದು, ಮನೆಯಿಂದ ಸಾಲೆಯ ಹೊತ್ತಿಗೆ ಸಿಂದಗಿಗೆ ಹೋಗುವ ಹಾಗಿಲ್ಲ. ಗೌಡರಿಗೆ ಮೋಟಾರ್ ಸೈಕಲ್ಲಿತ್ತು. ರೇವಪ್ಪ ಮಾಲು ತರುವುದು ಮಧ್ಯಾಹ್ನದ ಬಸ್ಸಿನಲ್ಲಿ. "ಸ್ಟಾಪ್ ಐತೆಲ್ಲ, ಸಾಕು ಬಿಡ್ರಿ. ಊಟ ಹಾಕೂ ಕಾಟ ತಪ್ಪಿತು" ಅಂದ ಅವನು. ನನಗೆ ಸಿಟ್ಟು ನೆತ್ತಿಗೇರಿತು, ಆದರೆ ಅವನ ಅಂಗಡಿಯಿಂದಲೇ ನಮ್ಮ ಮನೆಯ ಎಣ್ಣೆ ಬರುವುದು, ಸುಮ್ಮನಾದೆ.

ರೇವವ್ವ ಮೊದಲ ದಿನದಿಂದಲೇ ಮಗಳನ್ನು ಕರೆದುಕೊಂಡು ನಸುಕಿನಲ್ಲಿ ದೊಡ್ಡ ರಸ್ತೆಗೆ ನಡೆದಳು. ಮಳೆ ಬಿದ್ದ ಮೇಲೆ ನಮ್ಮ ರಸ್ತೆಯ ಮುರಂ ಕೊಚ್ಚಿಹೋಗಿ ಎರಿ ಮೇಲೆದ್ದಿತ್ತು. ಎರಿ ಮಣ್ಣಿನ ಗುಣ ಎಲ್ಲರಿಗೂ ಗೊತ್ತು, ಒಂದು ಹೆಜ್ಜೆಗೆ ಒಂದು ಸೇರು ಕಾಲಿಗೆ ಹತ್ತುತ್ತದೆ. ಹುಡುಗಿ ಸಾಲೆ ಮುಟ್ಟುವ ಹೊತ್ತಿಗೆ ಪಾಠ ಅರ್ಧ ಮುಗಿದಿರುತ್ತಿತ್ತು. ರೇವವ್ವ ಹೊಲ ಮುಟ್ಟುವ ಹೊತ್ತಿಗೆ ಕೂಲಿಯವರ ಸಾಲು ಅರ್ಧ ಹೊಲ ದಾಟಿರುತ್ತಿತ್ತು. ಎರಡು ವಾರ ಹಾಗೆ ನಡೆದು ಸಾತವ್ವ ಜ್ವರದಿಂದ ಮಲಗಿದಳು.

ಆಗ ಮೈದುನ ಸೋಮನಿಂಗ ಬಂದ. ಇಷ್ಟು ವರ್ಷ ಎಲ್ಲಿದ್ದನೋ ಏನೋ.

"ಅತ್ತಿಗಿ, ಅಗರಖೇಡದಾಗ ಒಂದ ಛಲೋ ಮನಿ ಐತಿ. ದೀಪಾವಳಿ ಆದ್ಮ್ಯಾಲ ಮಾಡೂಣಂತ ಅಂತಾರ. ಓದಿದ್ದು ಸಾಕು. ಬಸ್ಸೂ ಹೋತು, ಇನ್ನ ಯಾವ ನೆವ?"

ರೇವವ್ವ ಇಲ್ಲ ಅನ್ನಲಿಲ್ಲ. ದೀಪಾವಳಿ ಬರಲಿ ಅಂದಳಂತೆ. ಮರುದಿನ ಮುಂಜಾನೆ ನನ್ನ ಅಂಗಡಿಯ ಮುಂದೆ ಬಂದು ನಿಂತಳು, ಕಂಕುಳಲ್ಲಿ ಒಂದು ಬುತ್ತಿಯ ಗಂಟು.

"ರಜಾಕಣ್ಣಾ, ನೀ ದಾರ ತರಾಕ ಸಿಂದಗಿಗೆ ಯಾವಾಗ ಹೋಗ್ತಿ?"

"ಶುಕ್ರವಾರ."

"ಇವತ್ತ ಹೋಗು. ನಾನೂ ಬರ್ತೇನಿ. ಹೆಣ್ಣು ಹೆಂಗಸು ಒಬ್ಬಾಕಿ ಡಿಪೋಕ್ಕ ಹೋದ್ರ ಒಳಗ ಬಿಡ್ತಾರೋ ಇಲ್ಲೋ."

ಮಧ್ಯಾಹ್ನದ ಬಸ್ಸಿಗೆ ಹೋದೆವು. ಡಿಪೋದ ಸಾಹೇಬರು ಒಳ್ಳೆಯ ಮನುಷ್ಯರೇ. ಬೈಯಲಿಲ್ಲ, ಕಾಯಿಸಲಿಲ್ಲ. ನಿಮ್ಮೂರಿಗೆ ಬಸ್ ಐತಲ್ಲವ್ವ, ದಿನಕ್ಕೆ ಎರಡು ಸಲ ನಿಲ್ಲತೈತಿ ಅಂದರು.

"ನಿಲ್ಲತೈತ್ರಿ ಸಾಹೇಬ್ರ, ಇರೂದಿಲ್ಲ" ಅಂದಳು ರೇವವ್ವ. "ನನಗ ಸ್ಟಾಪ್ ಬ್ಯಾಡ್ರಿ, ಹಾಲ್ಟ್ ಬೇಕು. ಸ್ಟಾಪಿನಾಗ ನನ್ನ ಮಗಳು ಮನಿಗೆ ಬರ್ತಾಳ. ಹಾಲ್ಟಿನಾಗ ಸಾಲಿಗೆ ಹೋಗ್ತಾಳ. ನಿಮಗ ಎರಡೂ ಒಂದ ಬಸ್ಸು, ಖರೇ. ಆಕಿಗೆ ಒಂದು ಮನಿ, ಇನ್ನೊಂದು ಸಾಲಿ."

ಸಾಹೇಬರು ಪೆನ್ನಿಗೆ ಟೋಪಿ ಹಾಕಿ ಬದಿಗಿಟ್ಟರು. "ನನಗೂ ಗೊತ್ತೈತಿ ಯವ್ವಾ, ಎರಡೂ ಒಂದಲ್ಲ. ಸ್ಟಾಪ್ ಕೊಡೂದು ನನ್ನ ಕೈಯಾಗ ಐತಿ. ಹಾಲ್ಟ್ ಕೊಡೂದು ಊರ ಕೈಯಾಗ ಐತಿ. ಒಂದು ವಾರ ನನ್ನ ಡ್ರೈವರ್ ನಿಮ್ಮೂರಾಗ ಉಪಾಸ ಮಲಗ್ಯಾನ. ಉಪಾಸ ಮಲಗಿದಾಂವ ನಸುಕಿನಾಗ ಸ್ಟೇರಿಂಗ್ ಹಿಡೀಬೇಕು, ಹಿಂದ ನಲವತ್ತು ಮಂದಿ ಕುಂತಿರ್ತಾರ. ಆ ಊರಾಗ ವಸ್ತಿ ಬ್ಯಾಡ್ರಿ ಅಂತ ಅಂವ ಕೈಮುಗದ. ನಾ ಹೆಂಗ ಜುಲುಮಿ ಮಾಡ್ಲಿ? ಅಂವ ಒಪ್ಪಿದ್ರ ನನ್ನದೇನೂ ಅಡ್ಡಿಲ್ಲ."

ಉಪಾಸ ಎಂಬ ಮಾತು ಕೇಳಿ ರೇವವ್ವ ನನ್ನ ಮುಖ ನೋಡಿದಳು. ಬುತ್ತಿ ತರ್ತಾನ ಅಂತ ಊರೇ ಹೇಳಿತ್ತಲ್ಲ!

ಯಂಕಪ್ಪ ಡಿಪೋದ ಹಿಂದೆ ನೀರಿನ ತೊಟ್ಟಿಯ ಹತ್ತಿರ ಮುಖ ತೊಳೆದುಕೊಳ್ಳುತ್ತಿದ್ದ. ನಮ್ಮನ್ನು ನೋಡಿ ಅವನೇ ನಾಚಿಕೊಂಡ. ರೇವವ್ವ ಬಸ್ಸಿನ ಮಾತು ಎತ್ತಲೇ ಇಲ್ಲ.

"ಊಟ ಆತೇನಪಾ?"

"ಆತ್ರಿ ಯವ್ವಾ."

ಅವಳು ಅವನ ಮುಖವನ್ನೇ ನೋಡುತ್ತ ನಿಂತಳು. ಆ ಆತ್ರಿ ಎಂಬ ಮಾತು ಅವಳಿಗೆ ಚೆನ್ನಾಗಿ ಗೊತ್ತಿದ್ದ ಮಾತು. ಜೀವಮಾನವೆಲ್ಲ ತಾನೇ ಆಡಿದ್ದು. ತೊಟ್ಟಿಯ ಕಟ್ಟೆಯ ಮೇಲೆ ಗಂಟು ಬಿಚ್ಚಿದಳು.

"ಬಾ, ಕೂಡು."

"ಬ್ಯಾಡ್ರಿ, ಈಗರ ಚಾ ಕುಡದೇನಿ."

"ಚಾ ಕುಡದ್ರ ಉಂಡಂಗ ಆಕ್ಕೈತೇನ? ಕೂಡೋ ತಮ್ಮಾ. ಶೇಂಗಾಹಿಂಡಿ ಐತಿ, ಮೊಸರೈತಿ. ನನ್ನ ಕೈಯಾನ ರೊಟ್ಟಿ ಬ್ಯಾಡ ಅಂದಾವರು ಯಾರೂ ಇಲ್ಲ, ನೀ ಮೊದಲನೇದಾಂವ ಆಗಬ್ಯಾಡ."

ಯಂಕಪ್ಪ ಕೂತ. ಕೂತವನು ಗಂಟಿನಲ್ಲಿದ್ದ ರೊಟ್ಟಿಯನ್ನೆಲ್ಲ ಉಂಡ. ಅವನು ಉಣ್ಣುವುದನ್ನು ನೋಡಿ ನನಗೆ ನಮ್ಮೂರಿನ ಬಗ್ಗೆ ಹೇಸಿಗೆ ಬಂತು. ಒಂದು ವಾರ, ನಮ್ಮ ಕಣ್ಣೆದುರಿಗೇ!

ನೀರು ಕುಡಿದ ಮೇಲೆ ರೇವವ್ವ ಜೋರು ಮಾಡಿದಳು. "ಹಸದೀನಿ ಅಂತ ಬಾಯಿ ಬಿಟ್ಟು ಹೇಳಾಕ ಏನ್ ಧಾಡಿ ಆಗಿತ್ತು ನಿನಗ? ನೀ ಬಾಯಿ ಬಿಡಲಿಲ್ಲ, ಅಲ್ಲಿ ನನ್ನ ಮಗಳ ಸಾಲಿ ಹೋತಲ್ಲೋ!"

"ಕೇಳಿ ಉಣ್ಣೂದು ನಮ್ಮ ಮನ್ಯಾಗ ಕಲಿಸಿಲ್ರಿ ಯವ್ವಾ" ಅಂದ ಯಂಕಪ್ಪ, ನೆಲ ನೋಡುತ್ತ. "ನಾ ಸಣ್ಣಾಂವಿದ್ದಾಗ ನಮ್ಮವ್ವ ಹೇಳಿಕೊಟ್ಟಾಳ. ಒಮ್ಮಿ ಕೇಳಿದ್ರ ಅದು ಬಾಯಿಮಾತು, ಎರಡನೇ ಸಲ ಕೇಳಿದ್ರ ಮರ್ಯಾದಿ, ಮೂರನೇ ಸಲ ಕೇಳಿದ್ರ ಖರೇ ಕರದಾರ ಅಂತ ತಿಳಕೊಂಡು ಕೂಡು ಅಂತ. ನಿಮ್ಮೂರಾಗ ಎರಡನೇ ಸಲ ಯಾರೂ ಕೇಳಲಿಲ್ರಿ. ಸಂಜಿಗೆ ಬಸ್ಸಿನ ಮ್ಯಾಲ ಮಲಗಿರ್ತಿದ್ದೆ. ಮನಿಮನ್ಯಾಗ ರೊಟ್ಟಿ ಬಡಿಯೂ ಸಪ್ಪಳ ಕೇಳ್ತಿತ್ತು. ಹೊದಿಕಿ ಮುಖದ ಮ್ಯಾಲ ಎಳಕೊಂಡ್ರೂ ಕೇಳ್ತಿತ್ರಿ."

ಇದರಲ್ಲಿ ಯಾರದು ತಪ್ಪು ಹೇಳಿ? ಅವನು ನಮ್ಮ ನಾಡಿನವನೇ. ನಮ್ಮಲ್ಲೂ ಮೂರು ಸಲ ಕರೆಯದೆ ಯಾವ ಬೀಗರೂ ಎಲೆಯ ಮುಂದೆ ಕೂಡುವುದಿಲ್ಲ. ಪರಸಪ್ಪನೆಂಬ ಬಾಯಿಬಡುಕ ಎರಡು ವರ್ಷ ಕೇಳಿ ಕೇಳಿ ಉಂಡು ನಮಗೆ ಕರೆಯುವುದನ್ನೇ ಮರೆಸಿಬಿಟ್ಟಿದ್ದ. ಒಂದು ಸಲ ಕೇಳಿ ಮುಂದೆ ಹೋಗುವುದು, ಅಷ್ಟೇ ಉಳಿದಿತ್ತು ನಮ್ಮಲ್ಲಿ.

"ಇನ್ನೊಮ್ಮಿ ವಸ್ತಿಗೆ ಬಾ" ಅಂದಳು ರೇವವ್ವ. "ನಮ್ಮೂರು ಕರೀತೈತಿ. ಕರೀಲಿಲ್ಲ ಅಂದ್ರ ನಾನ ನಿನಗ ಹೋಗು ಅಂತೇನಿ."

ಯಂಕಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನೋಡೂಣ್ರಿ ಅಂದ. ನಾವು ತಿರುಗಿ ಬರುವಾಗ ಬಸ್ ನಿಲ್ದಾಣದಲ್ಲಿ ನಾನು ಭಜಿ ಕಟ್ಟಿಸಿಕೊಂಡು, "ರೇವವ್ವಾ, ನಿನ್ನ ಊಟ?" ಅಂದೆ. "ಬರೂ ಮೊದಲ ಮನ್ಯಾಗ ಉಂಡೀನಿ" ಅಂದಳು. ಬಸ್ಸು ಬಂತು, ಹತ್ತಿದೆವು.

ಊರಿಗೆ ಬಂದವಳು ಗಂಡಸರ ಹತ್ತಿರ ಹೋಗಲಿಲ್ಲ. ಅದು ಅವಳ ಜಾಣತನ. ನನ್ನನ್ನು ಕೇಳಿದ್ದರೆ ನಾನು ಚಾವಡಿಯಲ್ಲಿ ಮಂದಿ ಸೇರಿಸು ಅಂದಿರುತ್ತಿದ್ದೆ, ಅಲ್ಲಿ ಗೌಡರು ಮೀಸೆ ನೀವುತ್ತಿದ್ದರು, ರೇವಪ್ಪ ಆಕಳಿಸುತ್ತಿದ್ದ. ಅವಳು ಸೀದಾ ಗೌಡರ ಅಡುಗೆಮನೆಗೆ ಹೋದಳು. ಗೌಡರ ಹೆಂಡತಿ ಸುಂದರವ್ವ ಹಿಟ್ಟು ಸೋಸುತ್ತಿದ್ದಳು.

"ಗೌಡ್ತಿ, ನಿಮ್ಮ ಪಾಳಿ ದಿನ ಆ ಮನಷ್ಯಾ ಉಪಾಸ ಮಲಗ್ಯಾನ್ರಿ" ಅಂದಳು ರೇವವ್ವ. ಅಷ್ಟೇ ಮಾತು.

ಸುಂದರವ್ವನ ಕೈಯಲ್ಲಿದ್ದ ಜರಡಿ ಕೆಳಗೆ ಬಿತ್ತಂತೆ. "ಯವ್ವಾ! ನಮ್ಮ ಪಾಳ್ಯಾಗ?" ನಮ್ಮ ಕಡೆ ಹೆಂಗಸರಿಗೆ ಬಡವಿ ಅನ್ನಿ, ಕುರೂಪಿ ಅನ್ನಿ, ಸಹಿಸಿಯಾರು. ನಿನ್ನ ಮನೆಯ ಮುಂದೆ ಒಬ್ಬ ಹಸಿದು ಮಲಗಿದ ಅಂದರೆ ಅದು ಸಾಯುವ ತನಕ ಹೋಗದ ಮಾತು. ಆ ಸಂಜೆ ಗೌಡರ ಮನೆಯಲ್ಲಿ ಏನು ನಡೆಯಿತೋ, ಹೊರಗಿದ್ದ ನಮಗೆ ಕೇಳಿದ್ದು ಸುಂದರವ್ವನ ದನಿ ಮಾತ್ರ. ಗೌಡರ ದನಿ ಕೇಳಲೇ ಇಲ್ಲ. ಅಲ್ಲಿಂದ ರೇವವ್ವ ರೇವಪ್ಪನ ಮನೆಯ ಹಿತ್ತಲಿಗೆ ಹೋದಳು, ಆಮೇಲೆ ಇನ್ನೊಂದು ಮನೆಗೆ. ಕೊನೆಗೆ ನಮ್ಮ ಮನೆಗೂ ಬಂದು ಗೌಸಬಿಗೆ ಹೇಳಿದಳು. ಗೌಸಬಿ ಅವತ್ತು ನನ್ನ ಜೊತೆ ಮಾತಾಡಲಿಲ್ಲ. ನಮ್ಮ ಪಾಳಿ ಬಂದೇ ಇರಲಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಮರುದಿನ ಗೌಡರು ಮೋಟಾರ್ ಸೈಕಲ್ ಹತ್ತಿ ತಾವೇ ಸಿಂದಗಿಗೆ ಹೋದರು. ಸಾಹೇಬರ ಹತ್ತಿರ ಏನು ಮಾತಾಡಿದರೋ, ಯಂಕಪ್ಪನ ಕೈ ಹಿಡಿದು, "ನಮ್ಮ ಮನಿ ಮರ್ಯಾದಿ ಉಳಸಪಾ, ನನಗ ಮನ್ಯಾಗ ನೀರು ಸುದ್ದಾ ಕೊಡವಲ್ರು" ಅಂದರಂತೆ. ಸಿದ್ರಾಮ ಇದನ್ನು ಆಮೇಲೆ ಊರೆಲ್ಲ ನಗಿಸುತ್ತ ಹೇಳಿದ.

ದೀಪಾವಳಿಗೆ ಇನ್ನೂ ಹತ್ತು ಹನ್ನೆರಡು ದಿನ ಇರುವಾಗ ಒಂದು ಸಂಜೆ ಬಸ್ಸು ಬಂತು. ಮಂದಿ ಇಳಿದರು. ಎಂಜಿನ್ ಸಪ್ಪಳ ನಿಂತಿತು. ಸ್ಟಾಪಿನಲ್ಲಿ ಎಂಜಿನ್ ಬಂದ್ ಮಾಡುವುದಿಲ್ಲ, ಅದು ಗುಡುಗುಡು ಅನ್ನುತ್ತಲೇ ಇರುತ್ತದೆ. ಆ ಸಪ್ಪಳ ನಿಂತದ್ದಕ್ಕೇ ಮನೆಮನೆಯ ಬಾಗಿಲಲ್ಲಿ ಹೆಂಗಸರು ಹೊರಗೆ ಬಂದರು. ಯಂಕಪ್ಪ ಕೆಳಗಿಳಿದು ಕೈಮುಗಿದ. ಸುಂದರವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು, ಕೈಯಲ್ಲಿ ಮುಚ್ಚಿದ ತಾಟು ಹಿಡಿದು ಚಾವಡಿಗೆ ತಾನೇ ಬಂದಿದ್ದಳು. ಅವಳ ಹಿಂದೆ ಇನ್ನೂ ಮೂರು ಮನೆಯ ತಾಟು.

"ಬ್ಯಾಡ್ರಿ, ಆಗೈತ್ರಿ" ಅಂದ ಯಂಕಪ್ಪ, ಚಟದ ಪ್ರಕಾರ.

ಚಾವಡಿಯೇ ನಕ್ಕಿತು. "ಸುಮ್ಮ ಕೂಡೋ ಮಾರಾಯಾ" ಅಂದಳು ಸುಂದರವ್ವ, "ಇನ್ ಮ್ಯಾಲ ನಿನ್ನ ಕೇಳೂದ ಇಲ್ಲ." ಯಂಕಪ್ಪ ಎಲ್ಲ ತಾಟಿನಿಂದಲೂ ಒಂದೊಂದು ತುತ್ತು ಉಂಡ.

ನಸುಕಿಗೆ ಬಸ್ಸಿನ ಹಾರ್ನ್ ಕೇಳಿ ನಾನು ಎದ್ದು ಬಂದು ನೋಡಿದೆ. ಸಾತವ್ವ ಎಣ್ಣೆ ಹಚ್ಚಿ ಹೆಣೆದ ಜಡೆ, ಬಗಲಲ್ಲಿ ಪಾಟೀಚೀಲ, ಮೊದಲ ಸೀಟಿನಲ್ಲಿ ಕೂತಿದ್ದಳು. ರೇವವ್ವ ಬಸ್ಸು ಮರೆಯಾಗುವ ತನಕ ಬೇವಿನ ಗಿಡದ ಕೆಳಗೆ ನಿಂತು, ಆಮೇಲೆ ಕುಡುಗೋಲು ತೆಗೆದುಕೊಂಡು ಹೊಲಕ್ಕೆ ಹೋದಳು. ಅಗರಖೇಡದವರಿಗೆ ಮೆಟ್ರಿಕ್ ಮುಗಿಯಲಿ ಅಂತ ಹೇಳಿಕಳಿಸಿದಳು, ಅವರು ಬೇರೆ ಕಡೆ ನೋಡಿಕೊಂಡರು. ಸಾತವ್ವ ಮೆಟ್ರಿಕ್ ಪಾಸಾಗಿ, ಟ್ರೇನಿಂಗ್ ಮುಗಿಸಿ, ಬಸವನ ಬಾಗೇವಾಡಿಯ ಕಡೆ ಒಂದು ಸಾಲೆಯಲ್ಲಿ ಮಾಸ್ತರಿಕೆಗೆ ಸೇರಿದ್ದು ಎಲ್ಲರಿಗೂ ಗೊತ್ತಿದೆ. ಅದನ್ನು ಊರು ತನ್ನದೇ ಸಾಧನೆ ಎಂಬಂತೆ ಹೇಳಿಕೊಳ್ಳುತ್ತದೆ. ನಾನು ಹೇಳಬೇಕೆಂದದ್ದು ಅದಲ್ಲ. ಹಾಲ್ಟು ತಿರುಗಿ ಬಂದ ಮೇಲೆ ರೇವವ್ವನ ಪಾಳಿ ಬಂದ ಸಂಜೆಯ ಮಾತು.

ಒಂಟಿ ಹೆಂಗಸಿನ ಮನೆ, ಗಂಡಸು ಒಬ್ಬನೇ ಹೋಗಬಾರದೆಂದು ಯಂಕಪ್ಪ ನನ್ನನ್ನೂ ಕರೆದುಕೊಂಡು ಹೋದ. ಸಾರಿಸಿದ ನೆಲ, ಎರಡು ತಾಟು, ಎಣ್ಣೆಗಾಯಿ, ಬಿಸಿ ರೊಟ್ಟಿ. ಸಾತವ್ವ ಬಡಿಸಿದಳು, ರೇವವ್ವ ಒಲೆಯ ಮುಂದೆ. ಯಂಕಪ್ಪ ನಾಚದೆ ಉಂಡ. ಕೈತೊಳೆದು ಏಳಬೇಕಾದವನು ಏಳಲಿಲ್ಲ.

"ಯವ್ವಾ, ನಿಮ್ಮದು ಊಟ ಆತೇನ್ರಿ?"

"ಆತೋ ಯಪ್ಪಾ, ಆಗೈತಿ." ಅವಳು ತವೆ ಇಳಿಸುತ್ತ ಹೇಳಿದಳು.

"ಅವತ್ತ ಡಿಪೋದಾಗ ನಾ ಉಂಡದ್ದು ನಿಮ್ಮ ಬುತ್ತಿ. ಅವತ್ತೂ ಆಗಿತ್ತೇನ್ರಿ?"

ರೇವವ್ವ ತಿರುಗಿ ನೋಡಲಿಲ್ಲ. "ಆಗಿತ್ತು ಬಿಡು. ಹೊತ್ತಾತು, ನಸುಕಿಗೆ ಏಳಾಂವ ನೀ, ಹೋಗಿ ಮಲಗು."

ಯಂಕಪ್ಪ ತನ್ನ ತಾಟನ್ನು ಬದಿಗೆ ಸರಿಸಿದ. ಗೋಡೆಗೆ ಒರಗಿಸಿದ್ದ ಇನ್ನೊಂದು ತಾಟು ತೆಗೆದು, ನೀರು ಚಿಮುಕಿಸಿ ಒರೆಸಿ, ತನ್ನ ಎದುರಿಗೆ ನೆಲದ ಮೇಲೆ ಇಟ್ಟ. ಬುಟ್ಟಿಯಲ್ಲಿದ್ದ ರೊಟ್ಟಿ ತೆಗೆದು ಅದರಲ್ಲಿ ಹಾಕಿದ.

"ಬರ್ರಿ ಯವ್ವಾ, ಕೂಡ್ರಿ. ನೀವು ಉಂಡು ಏಳೂ ತನಕ ನಾ ಇಲ್ಲಿಂದ ಏಳೂದಿಲ್ಲ."

ರೇವವ್ವನ ಕೈಯಲ್ಲಿ ತವೆ ಹಿಡಿದ ಅರಿವೆ ಹಾಗೇ ಇತ್ತು. ಸಾತವ್ವ ತಾಯಿಯ ಮುಖ ನೋಡಿದಳು. ನಾನು ಹೊರಗೆ ನೋಡುವ ನೆವದಿಂದ ಮುಖ ತಿರುಗಿಸಿದೆ. ನಮ್ಮೂರಿಗೆ ಬಂದ ಇಪ್ಪತ್ತು ವರ್ಷದಲ್ಲಿ ಆ ಹೆಣ್ಣುಮಗಳನ್ನು ಯಾರಾದರೂ ಮೂರನೆಯ ಸಲ ಕರೆದದ್ದನ್ನು ನಾನು ಕಂಡಿರಲಿಲ್ಲ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಬಂದು ಕೂತಳು. ರೊಟ್ಟಿ ಮುರಿದಳು.